ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆ: ಯಾವಾಗ, ಯಾರಿಗೆ, ಯಾವ ಡಬ್ಬಿ, ಹೇಗೆ

ಫ್ಲೂ ಲಸಿಕೆ ಹಾಕಿಸಬೇಕು ಅಂತ ಮನಸ್ಸು ಮಾಡುವುದು ಸುಲಭ. ಆಮೇಲೆ ಬರುವ ಪ್ರಶ್ನೆಗಳೇ ತಲೆ ತಿನ್ನುತ್ತವೆ. ಈಗಲೇ ಹಾಕಿಸಬೇಕಾ, ಇಲ್ಲ ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕಿತ್ತಾ? ಕ್ಲಿನಿಕ್‌ನಲ್ಲಿ ಇರುವುದು ಹೊಸ ಸ್ಟಾಕಾ, ಹಳೆಯದಾ? ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ, ಹಾಕಿಸಬಹುದಾ? ಇದನ್ನೆಲ್ಲ ಯೋಚಿಸುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ, ಮನೆಯಲ್ಲಿ ಒಬ್ಬರಿಗೆ ಜ್ವರವೂ ಬಂದಿರುತ್ತದೆ.

ಕರ್ನಾಟಕದಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಹಂತವಾಗಿ ಬರೆದಿದ್ದೇನೆ. ಹೊರದೇಶದಲ್ಲಿರುವ ಕನ್ನಡಿಗರಿಗೆ, ಅಲ್ಲಿಗೆ ಮಕ್ಕಳ ಮನೆಗೆ ಹೊರಟಿರುವ ಅಪ್ಪ-ಅಮ್ಮಂದಿರಿಗೆ ಕೊನೆಯ ಹತ್ತಿರ ಬೇರೆ ಮಾತು ಇದೆ.

ಮೊದಲು: ಇದು ನೆಗಡಿಯ ಲಸಿಕೆ ಅಲ್ಲ

ಮೂಗು ಸೋರಿ, ಸೀನು ಬಂದು, ಎರಡು ದಿನ ಗಂಟಲು ಕೆರೆದರೆ ನಾವು ಅದನ್ನೂ ಫ್ಲೂ ಅನ್ನುತ್ತೇವೆ. ಅದು ಬೇರೆ. ಇನ್‌ಫ್ಲುಯೆಂಜಾ ವೈರಸ್‌ನಿಂದ ಬರುವ ಫ್ಲೂ ಸಾಮಾನ್ಯವಾಗಿ ದಿಢೀರ್ ಅಂತ ಹಿಡಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಹೊದಿಕೆ ಹೊದ್ದು ನಡುಗುತ್ತಿರುತ್ತಾರೆ. ಜೋರು ಜ್ವರ, ಮೈಕೈ ನೋವು, ತಲೆನೋವು, ಒಣ ಕೆಮ್ಮು, ಏಳುವುದಕ್ಕೂ ಆಗದಷ್ಟು ಸುಸ್ತು. ಜ್ವರ ನಾಲ್ಕೈದು ದಿನದಲ್ಲಿ ಬಿಟ್ಟರೂ ಕೆಮ್ಮು ಮತ್ತು ಸುಸ್ತು ವಾರಗಟ್ಟಲೆ ಎಳೆಯಬಹುದು.

ಲಸಿಕೆ ಕೆಲಸ ಮಾಡುವುದು ಈ ಇನ್‌ಫ್ಲುಯೆಂಜಾ ವೈರಸ್‌ನ ಮೇಲೆ ಮಾತ್ರ. ನೆಗಡಿ ತರುವ ಬೇರೆ ವೈರಸ್‌ಗಳು ನೂರಾರಿವೆ, ಅವುಗಳ ಮೇಲೆ ಇದಕ್ಕೆ ಹಿಡಿತ ಇಲ್ಲ. 'ಲಸಿಕೆ ಹಾಕಿಸಿದ ಮೇಲೂ ನಂಗೆ ನೆಗಡಿ ಬಂತು, ದುಡ್ಡು ದಂಡ' ಅನ್ನುವವರಲ್ಲಿ ಬಹಳ ಜನಕ್ಕೆ ಇದೇ ಗೊತ್ತಿರುವುದಿಲ್ಲ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ಲೂ ಲಸಿಕೆ ನೂರಕ್ಕೆ ನೂರು ತಡೆಯುವುದಿಲ್ಲ. ಆ ವರ್ಷ ಓಡಾಡುತ್ತಿರುವ ವೈರಸ್‌ಗೆ ಲಸಿಕೆ ಚೆನ್ನಾಗಿ ಹೊಂದಿಕೊಂಡರೆ, ಡಾಕ್ಟರ್ ಹತ್ತಿರ ಹೋಗಬೇಕಾಗುವಂಥ ಫ್ಲೂ ಬರುವ ಸಾಧ್ಯತೆ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಕೇಳಲು ಇದು ಸಪ್ಪೆ ಅನ್ನಿಸಬಹುದು. ಆದರೆ ಜ್ವರ ಬಂದರೂ ಅದು ನ್ಯುಮೋನಿಯಾಕ್ಕೆ ತಿರುಗಿ ಐಸಿಯು ಸೇರುವ ಅಪಾಯ ಇದರಿಂದ ತಗ್ಗುತ್ತದೆ. ಅರವತ್ತು ದಾಟಿದವರು ಮನೆಯಲ್ಲಿದ್ದರೆ ನೋಡಬೇಕಾದ ಲೆಕ್ಕ ಅದೇ.

ಯಾವಾಗ: ನಮ್ಮಲ್ಲಿ ಫ್ಲೂ ಎರಡು ಸಲ ಬರುತ್ತದೆ

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಲೆಕ್ಕ ಸರಳ. ಚಳಿಗಾಲ ಬಂದರೆ ಫ್ಲೂ, ಅದಕ್ಕೆ ಮುಂಚೆ ಲಸಿಕೆ. ನಮ್ಮ ದೇಶದಲ್ಲಿ ಹಾಗಲ್ಲ. ಶ್ರೀನಗರದಲ್ಲಿ ಫ್ಲೂ ಜೋರಾಗುವುದು ಜನವರಿಯಿಂದ ಮಾರ್ಚ್. ದೆಹಲಿ, ಕೋಲ್ಕತ್ತಾ ಕಡೆ ಮಳೆಗಾಲದಲ್ಲಿ. ಚೆನ್ನೈಗೆ ಹಿಂಗಾರು ಮಳೆ, ಹಾಗಾಗಿ ಅಲ್ಲಿ ಅಕ್ಟೋಬರ್-ನವೆಂಬರ್. ಒಂದೇ ದೇಶಕ್ಕೆ ಒಂದೇ ತಾರೀಕು ಹೇಳುವುದಕ್ಕೆ ಆಗುವುದಿಲ್ಲ.

ಕರ್ನಾಟಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಜೊತೆ ಒಂದು ಅಲೆ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು. ಈ ಎರಡನೆಯದನ್ನು ಸಣ್ಣದು ಅಂತ ಬಿಡುವ ಹಾಗಿಲ್ಲ. 2015ರಲ್ಲಿ ದೇಶದಲ್ಲಿ ಎಚ್1ಎನ್1 ಎಂಬ ಫ್ಲೂ ತಳಿ ವಿಪರೀತ ಹರಡಿದಾಗ ಅದು ತುದಿ ಮುಟ್ಟಿದ್ದು ಫೆಬ್ರವರಿ-ಮಾರ್ಚ್‌ನಲ್ಲೇ. ಆ ವರ್ಷ 42 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು, ಸುಮಾರು 3 ಸಾವಿರ ಜನ ತೀರಿಕೊಂಡರು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಇನ್ನೊಂದು ತಳಿ ಸುದ್ದಿಯಾದಾಗ ದೇಶದ ಮೊದಲ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದು. ತೀರಿಕೊಂಡವರು ಎಂಬತ್ತು ದಾಟಿದ ಹಿರಿಯರು.

ಈಗ ಲೆಕ್ಕ ಹಾಕಿ. ಲಸಿಕೆ ಹಾಕಿಸಿದ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಅದು ಗಟ್ಟಿಯಾಗಿರುವುದು ಮೊದಲ ಕೆಲವು ತಿಂಗಳು. ಆರು ತಿಂಗಳಾಗುವಷ್ಟರಲ್ಲಿ ಇಳಿಯುತ್ತಾ ಬಂದಿರುತ್ತದೆ. ಅಂದರೆ ತೀರಾ ಮುಂಚೆ ಹಾಕಿಸಿದರೂ ಕಷ್ಟ, ತೀರಾ ತಡ ಮಾಡಿದರೂ ಕಷ್ಟ. ಚಳಿಗಾಲದ ಅಲೆಗೆ ಅಂತ ಹಾಕಿಸುವವರಿಗೆ ದಸರಾದಿಂದ ದೀಪಾವಳಿಯ ನಡುವಿನ ಸಮಯ ಸರಿಯಾಗಿ ಕೂರುತ್ತದೆ. ಕಾರ್ತೀಕದ ಮದುವೆಗಳು, ಜಾತ್ರೆಗಳು, ಡಿಸೆಂಬರ್ ಪ್ರವಾಸ, ಸಂಕ್ರಾಂತಿಗೆ ಊರಿಗೆ ಹೋಗುವ ಬಸ್ಸು ಎಲ್ಲ ಅದರ ಆಮೇಲೆ. ನವೆಂಬರ್ ಕೊನೆಯಾದರೂ ಪರವಾಗಿಲ್ಲ, ಹಾಕಿಸಿ. ಡಿಸೆಂಬರ್‌ನಲ್ಲಿ ನೆನಪಾದರೂ 'ಇನ್ನೇನು ಬಿಡು' ಅನ್ನಬೇಡಿ. ಅಲೆ ಮಾರ್ಚ್ ತನಕ ಇರುತ್ತದಲ್ಲ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲವೇ ದೊಡ್ಡ ಚಿಂತೆ ಆಗಿದ್ದರೆ ಮೇ ತಿಂಗಳಲ್ಲಿ ಹಾಕಿಸುವುದು ಜಾಣತನ. ಹಾಗೆ ಮೇನಲ್ಲಿ ಹಾಕಿಸಿಕೊಂಡವರು ಅಕ್ಟೋಬರ್‌ನಲ್ಲಿ ಮತ್ತೆ ಓಡಬೇಕಿಲ್ಲ. ಸಾಮಾನ್ಯ ನಿಯಮ ವರ್ಷಕ್ಕೆ ಒಂದು ಡೋಸ್. ಶ್ವಾಸಕೋಶದ ಗಟ್ಟಿ ಕಾಯಿಲೆ ಇರುವವರು, ಕಿಮೋ ತಗೊಳ್ಳುತ್ತಿರುವವರು ಮಾತ್ರ ತಮ್ಮ ಡಾಕ್ಟರ್ ಹತ್ತಿರ ಕೇಳಿ ತೀರ್ಮಾನ ಮಾಡಲಿ.

ಮನೆಯಲ್ಲಿ ಯಾರಿಗೆ ಮೊದಲು

ಆರು ತಿಂಗಳು ತುಂಬಿದ ಯಾರಿಗಾದರೂ ಹಾಕಿಸಬಹುದು. ಆದರೆ ನಾಲ್ಕು ಜನರ ಮನೆಗೆ ನಾಲ್ಕು ಡೋಸ್ ಅಂದರೆ ಜೇಬಿಗೆ ಭಾರ. ಎಲ್ಲರಿಗೂ ಆಗುವುದಿಲ್ಲ ಅಂದರೆ ನಾನು ಹೇಳುವ ಸರದಿ ಹೀಗೆ.

ಮೊದಲು ಅಜ್ಜ-ಅಜ್ಜಿ. ಅದರಲ್ಲೂ ಹೃದಯದ ತೊಂದರೆ ಇರುವವರು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫ್ಲೂ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 6 ಪಟ್ಟು ಜಾಸ್ತಿ ಕಂಡುಬಂತು. ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಮಾತ್ರೆ ತಪ್ಪಿಸದೆ ಕೊಡುವ ನಾವು ಇದನ್ನು ಮರೆಯುತ್ತೇವೆ.

ಅವರ ಜೊತೆಗೇ ಗರ್ಭಿಣಿ. ಎಷ್ಟನೇ ತಿಂಗಳಾದರೂ ಸರಿ, ಇಂಜೆಕ್ಷನ್ ರೂಪದ ಲಸಿಕೆ ಹಾಕಿಸಬಹುದು. ಬಸುರಿಯಲ್ಲಿ ಫ್ಲೂ ಬಂದರೆ ಉಸಿರಾಟಕ್ಕೆ ಬೇಗ ಕಷ್ಟವಾಗುತ್ತದೆ. ತಾಯಿಯ ಮೈಯಲ್ಲಿ ಬೆಳೆದ ರಕ್ಷಣೆ ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ಸಿಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಕೊಡುವುದಿಲ್ಲವಾದ್ದರಿಂದ ಅದಕ್ಕೆ ಸಿಗುವ ರಕ್ಷಣೆ ಅಮ್ಮನಿಂದಲೇ.

ಆಮೇಲೆ ಶುಗರ್, ಅಸ್ತಮಾ, ದಮ್ಮು, ಕಿಡ್ನಿ ಅಥವಾ ಲಿವರ್ ತೊಂದರೆ, ತುಂಬಾ ದಪ್ಪ ಮೈ ಇರುವವರು. ಐದು ವರ್ಷದೊಳಗಿನ ಮಕ್ಕಳು. ಹಾಗೆಯೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು. ಆರೋಗ್ಯವಾಗಿರುವ ಮೂವತ್ತರ ಹರೆಯದವರು ಸರದಿಯ ಕೊನೆಯಲ್ಲಿ ನಿಲ್ಲಬಹುದು. ಆದರೆ ನಿಮ್ಮ ಆಫೀಸ್ ಶಿಬಿರ ಇಟ್ಟು ಪುಕ್ಕಟೆ ಹಾಕುತ್ತಿದ್ದರೆ ಸುಮ್ನೆ ಹೋಗಿ ಹಾಕಿಸಿಕೊಂಡು ಬನ್ನಿ. ಮನೆಗೆ ವೈರಸ್ ಹೊತ್ತು ತರುವವರು ಮೆಟ್ರೋದಲ್ಲಿ ಓಡಾಡುವ ನೀವೇ ಅಲ್ವಾ?

ಅಜ್ಜ-ಅಜ್ಜಿ ಮೊದಲು ಅಂತ ಬರೆದುಬಿಟ್ಟೆ. ಆದರೆ ಅವರನ್ನು ಒಪ್ಪಿಸುವುದೇ ದೊಡ್ಡ ಹಂತ. ಮಾತು ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತದೆ:

"ಅಪ್ಪಾ, ನಾಳೆ ಶುಗರ್ ತೋರಿಸೋಕೆ ಹೋಗ್ತೀವಲ್ಲ, ಅಲ್ಲೇ ಫ್ಲೂ ಇಂಜೆಕ್ಷನ್ನೂ ಹಾಕಿಸ್ಕೊಂಡು ಬರೋಣ."

"ನಂಗ್ಯಾಕೋ ಅದೆಲ್ಲ? ಶುಂಠಿ ಕಷಾಯ ಕುಡಿದ್ರೆ ಎರಡು ದಿನಕ್ಕೆ ಹೋಗುತ್ತೆ."

"ನೆಗಡಿ ಹೋಗುತ್ತಪ್ಪಾ. ಫ್ಲೂ ಹೋಗಲ್ಲ. ಅದೂ ಅಲ್ದೆ ಪುಟ್ಟಿಗೆ ಇನ್ನೂ ಐದು ತಿಂಗಳು, ಅವಳಿಗೆ ಇದನ್ನ ಹಾಕೋ ಹಾಗಿಲ್ಲ. ದಿನಾ ಎತ್ಕೊಳ್ಳೋರು ನೀವು. ನಿಮ್ಮಿಂದ ಅವಳಿಗೆ ಅಂಟಬಾರದಲ್ವಾ?"

"ಹಾಗಂತೀಯ... ಎಷ್ಟು ಹೊತ್ತಿಗೆ ಹೋಗೋದು?"

ನ್ಯುಮೋನಿಯಾ, ಐಸಿಯು ಅಂತ ಹೆದರಿಸುವುದಕ್ಕಿಂತ ಮೊಮ್ಮಗುವಿನ ಮಾತು ಬೇಗ ನಾಟುತ್ತದೆ. ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಹೋದ ದಿನವೇ ಇದನ್ನೂ ಮುಗಿಸಿದರೆ ಇನ್ನೂ ಸುಲಭ.

ಯಾರು ಕೇಳಿಕೊಂಡು ಹಾಕಿಸಬೇಕು

ಪಟ್ಟಿ ಚಿಕ್ಕದು. ಹಿಂದೆ ಫ್ಲೂ ಲಸಿಕೆ ಹಾಕಿಸಿಕೊಂಡಾಗ ಮುಖ-ನಾಲಿಗೆ ಊದಿ, ಉಸಿರು ಕಟ್ಟಿದಂಥ ಗಂಭೀರ ಅಲರ್ಜಿ ಆಗಿದ್ದರೆ ಬೇಡ. ಹಿಂದಿನ ಫ್ಲೂ ಲಸಿಕೆಯಾದ ಆರು ವಾರದೊಳಗೆ ಗಿಲಾನ್-ಬಾರೆ ಸಿಂಡ್ರೋಮ್ ಬಂದಿದ್ದರೆ ಡಾಕ್ಟರ್ ಹತ್ತಿರ ಕೂತು ಮಾತಾಡಿ. ಕೈಕಾಲಿನ ಶಕ್ತಿ ಹೋಗುವ ನರದ ಕಾಯಿಲೆ ಅದು, ತೀರಾ ಅಪರೂಪ. ಈಗ ಜೋರು ಜ್ವರ ಇದ್ದರೆ ಇಳಿಯುವ ತನಕ ಮುಂದಕ್ಕೆ ಹಾಕಿ. ಸುಮ್ಮನೆ ಮೂಗು ಸೋರುತ್ತಿದೆ ಅಂತ ಮುಂದಕ್ಕೆ ಹಾಕಬೇಕಿಲ್ಲ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಹಾಕಿಸಿಕೊಳ್ಳಬಹುದು. ಮಾತ್ರೆ ನಿಲ್ಲಿಸಬೇಡಿ. ನರ್ಸ್‌ಗೆ ಮೊದಲೇ ಹೇಳಿದರೆ ಅವರು ಸಣ್ಣ ಸೂಜಿ ಬಳಸುತ್ತಾರೆ. ಚುಚ್ಚಿದ ಜಾಗವನ್ನು ಉಜ್ಜದೆ ಎರಡು ನಿಮಿಷಕ್ಕೂ ಜಾಸ್ತಿ ಒತ್ತಿ ಹಿಡಿಯಬೇಕು, ಅಷ್ಟೇ.

ಇನ್ನು ಮೊಟ್ಟೆಯ ವಿಷಯ. ಬಹುಪಾಲು ಫ್ಲೂ ಲಸಿಕೆಗಳಿಗೆ ವೈರಸ್ ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಆಮೇಲೆ ಶುದ್ಧ ಮಾಡುವಾಗ ಮೊಟ್ಟೆಯ ಪ್ರೋಟೀನ್ ಹೋಗಿ, ಅತಿ ಸಣ್ಣ ಅಂಶ ಮಾತ್ರ ಉಳಿಯುತ್ತದೆ. ಮೊಟ್ಟೆ ಅಲರ್ಜಿ ಇರುವವರಿಗೂ ವಿಶೇಷ ಎಚ್ಚರಿಕೆಯಿಲ್ಲದೆ ಕೊಡಬಹುದು ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಿಂದ ಹೇಳುತ್ತಿದೆ. ನಮ್ಮಲ್ಲಿ ಡಾಕ್ಟರ್‌ಗಳು ಈಗಲೂ ಕೇಳುತ್ತಾರೆ, ಇದ್ದರೆ ಹೇಳಿ. ಅಲರ್ಜಿ ಅಲ್ಲ, ನಾವು ಮೊಟ್ಟೆ ತಿನ್ನುವವರಲ್ಲ, ಏನು ಮಾಡುವುದು ಅಂತ ಕೇಳುವ ಹಿರಿಯರಿದ್ದಾರೆ. ಅದು ಅವರವರ ಮನಸ್ಸಿಗೆ ಬಿಟ್ಟ ವಿಚಾರ. ಆದರೆ ಮುಚ್ಚಿಟ್ಟು ಹಾಕಿಸಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ 'ಔಷಧಿಗೆ ದೋಷ ಇಲ್ಲ' ಅಂತ ಅವರೇ ಎಷ್ಟೋ ಸಲ ಅನ್ನುತ್ತಾರೆ.

ಯಾವ ಲಸಿಕೆ: ಡಬ್ಬಿ ಓದುವುದನ್ನು ಕಲಿಯಿರಿ

ಈ ಇಡೀ ಕೆಲಸದಲ್ಲಿ ಜನ ಗಮನವೇ ಕೊಡದ ಹಂತ ಇದು. ನನ್ನ ಪ್ರಕಾರ ಮುಖ್ಯವಾದದ್ದೂ ಇದೇ.

ಫ್ಲೂ ವೈರಸ್ ವರ್ಷದಿಂದ ವರ್ಷಕ್ಕೆ ವೇಷ ಬದಲಿಸುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಜ್ಞರನ್ನು ಕೂರಿಸಿ, ಮುಂದಿನ ಸೀಸನ್‌ನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಕಂಪನಿಗಳು ಮಾಡಿ ತುಂಬಿ ಕಳಿಸುವಷ್ಟರಲ್ಲಿ ಸುಮಾರು ಆರು ತಿಂಗಳಾಗುತ್ತದೆ. ಭಾರತ ಇರುವುದು ಉತ್ತರ ಗೋಳಾರ್ಧದಲ್ಲಿ. ಆದರೆ ಮಳೆಗಾಲದ ಅಲೆಯಿಂದಾಗಿ ಎರಡೂ ಬಗೆ ನಮ್ಮ ಮಾರುಕಟ್ಟೆಗೆ ಬರುತ್ತವೆ. ಸಾಮಾನ್ಯವಾಗಿ ಬೇಸಿಗೆ ಕೊನೆಗೆ ದಕ್ಷಿಣದ್ದು, ದಸರಾ ಹೊತ್ತಿಗೆ ಉತ್ತರದ್ದು.

ಡಬ್ಬಿ ಕೈಗೆ ಬಂದಾಗ ನೋಡಬೇಕಾದದ್ದು ಇಷ್ಟು. ಒಂದು ಮೂಲೆಯಲ್ಲಿ ಸೀಸನ್ ಬರೆದಿರುತ್ತದೆ. 'ಎನ್‌ಎಚ್' ಇದ್ದು ಪಕ್ಕದಲ್ಲಿ ಎರಡು ವರ್ಷಗಳ ಜೋಡಿ ಇದ್ದರೆ ಉತ್ತರದ್ದು. 'ಎಸ್‌ಎಚ್' ಇದ್ದು ಒಂದೇ ವರ್ಷ ಇದ್ದರೆ ದಕ್ಷಿಣದ್ದು. ಅಕ್ಟೋಬರ್‌ನಲ್ಲಿ ಹಾಕಿಸುವವರಿಗೆ ಈ ವರ್ಷದಲ್ಲಿ ಶುರುವಾಗಿ ಮುಂದಿನ ವರ್ಷಕ್ಕೆ ಮುಗಿಯುವ ಎನ್‌ಎಚ್ ಡಬ್ಬಿ ಸಿಕ್ಕರೆ ಅದೇ ತಾಜಾ. ಅದು ಇನ್ನೂ ಬಂದಿಲ್ಲ, ಇದೇ ವರ್ಷದ ಎಸ್‌ಎಚ್ ಮಾತ್ರ ಇದೆ ಅಂದರೆ? ಹೊಸದು ಒಂದೆರಡು ವಾರದಲ್ಲಿ ಬರುವುದು ಖಾತ್ರಿ ಇದ್ದರೆ ಕಾಯಿರಿ. ಇಲ್ಲವಾದರೆ ಎಕ್ಸ್‌ಪೈರಿ ನೋಡಿ ಇದನ್ನೇ ಹಾಕಿಸಿ. ಎಷ್ಟೋ ಸಲ ಎರಡರಲ್ಲೂ ಕೆಲವು ತಳಿ ಒಂದೇ ಇರುತ್ತವೆ. ಹೋದ ಸೀಸನ್‌ನ ಉಳಿದ ಸ್ಟಾಕ್ ಅಂದರೆ ಮಾತ್ರ ಬೇಡ ಅನ್ನಿ.

ಆಮೇಲೆ ಮೂರು ತಳಿಯದಾ, ನಾಲ್ಕು ತಳಿಯದಾ ಅನ್ನುವ ಗೊಂದಲ. ಕೆಲವು ವರ್ಷದ ಹಿಂದೆ 'ನಾಲ್ಕರದ್ದೇ ಹಾಕಿಸಿ, ಮೂರರದ್ದು ಹಳೇದು' ಅನ್ನುತ್ತಿದ್ದರು. ಈಗ ಗಾಳಿ ತಿರುಗಿದೆ. ನಾಲ್ಕನೆಯದಾಗಿ ಸೇರಿಸುತ್ತಿದ್ದ ಬಿ-ಯಮಗಾಟ ಎಂಬ ವೈರಸ್ 2020ರ ಮಾರ್ಚ್‌ನಿಂದ ಈಚೆಗೆ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಕೋವಿಡ್ ಕಾಲದಲ್ಲಿ ಅದು ಮರೆಯಾಯಿತು. ಅದನ್ನು ಇನ್ನು ಸೇರಿಸಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿ, ಲಸಿಕೆಗಳು ಮತ್ತೆ ಮೂರಕ್ಕೆ ಬರುತ್ತಿವೆ: ಎಚ್1ಎನ್1, ಎಚ್3ಎನ್2, ಬಿ-ವಿಕ್ಟೋರಿಯಾ. ಆದ್ದರಿಂದ ಯಾವುದು ಸಿಕ್ಕರೂ ಸರಿ. ನಾಲ್ಕು ತಳಿ ಇದೆ ಅಂತ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ.

ಬ್ರ್ಯಾಂಡ್ ಬಗ್ಗೆ ನನ್ನ ತಲೆನೋವು ಕಡಿಮೆ. ಇನ್‌ಫ್ಲುವ್ಯಾಕ್, ಫ್ಲೂಕ್ವಾಡ್ರಿ, ವ್ಯಾಕ್ಸಿಫ್ಲೂ, ಫ್ಲೂಆರಿಕ್ಸ್ ಇಂಥ ಹೆಸರುಗಳು ನಿಮ್ಮ ಕಿವಿಗೆ ಬೀಳುತ್ತವೆ. ಸೀಸನ್ ಸರಿ ಇದ್ದು, ವಯಸ್ಸಿಗೆ ಹೊಂದಿದರೆ ಸಾಕು. ಮೂಗಿಗೆ ಸಿಂಪಡಿಸುವ ಬಗೆ ಬೇರೆ. ಅದರಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅದು ಬೇಡ. ಇಂಜೆಕ್ಷನ್‌ಗಳಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದಲೇ ಫ್ಲೂ ಬಂತು ಅನ್ನುವ ಮಾತಿಗೆ ಬುಡ ಇಲ್ಲ.

ಎಲ್ಲಿ, ಎಷ್ಟು, ಫೋನ್‌ನಲ್ಲಿ ಏನು ಕೇಳಬೇಕು

ಪೋಲಿಯೋ ಹನಿಯ ಹಾಗೆ ಪಿಎಚ್‌ಸಿಗೆ ಹೋಗಿ ಎಲ್ಲರೂ ಪುಕ್ಕಟೆ ಹಾಕಿಸಿಕೊಳ್ಳುವ ಲಸಿಕೆ ಇದಲ್ಲ. ಸರ್ಕಾರದ ಮಾಮೂಲಿ ಲಸಿಕೆಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ. ಆರೋಗ್ಯ ಸಿಬ್ಬಂದಿಗೆ, ಹಜ್‌ಗೆ ಹೊರಡುವ ಹಿರಿಯರಿಗೆ ಶಿಬಿರಗಳಲ್ಲಿ ಕೊಡುವುದುಂಟು. ಉಳಿದವರಿಗೆ ಖಾಸಗಿ ಕ್ಲಿನಿಕ್ ಅಥವಾ ಆಸ್ಪತ್ರೆಯೇ ದಾರಿ. ಮಕ್ಕಳ ಡಾಕ್ಟರ್ ಕ್ಲಿನಿಕ್‌ನಲ್ಲಿ ಇದು ಇರುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ. ದೊಡ್ಡವರಿಗೂ ಅಲ್ಲೇ ಹಾಕಿಕೊಡುತ್ತಾರಾ ಅಂತ ಕೇಳಿದರೆ ಬಹಳ ಕಡೆ ಒಪ್ಪುತ್ತಾರೆ.

ಬೆಲೆ ಬ್ರ್ಯಾಂಡ್ ಮೇಲೆ ಹೋಗುತ್ತದೆ. ಒಂದೂವರೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಅಂತ ಮನಸ್ಸಿನಲ್ಲಿಟ್ಟುಕೊಂಡು ಹೊರಡಿ. ಲಸಿಕೆಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಚುಚ್ಚುವುದಕ್ಕೆ, ಡಾಕ್ಟರ್ ನೋಡಿದ್ದಕ್ಕೆ ಬೇರೆ ಬಿಲ್ ಆಗಬಹುದು. ಮಾಮೂಲಿ ಆರೋಗ್ಯ ವಿಮೆ ಈ ಖರ್ಚು ಕೊಡುವುದಿಲ್ಲ. ಒಪಿಡಿ ಸೌಲಭ್ಯ ಇರುವ ಪಾಲಿಸಿಯಾದರೆ ಒಮ್ಮೆ ಕೇಳಿ ನೋಡಿ.

ಹೋಗುವ ಮುಂಚೆ ಫೋನ್ ಮಾಡಿ. ಇಷ್ಟು ಕೇಳಿದರೆ ಸಾಕು:

"ನಮಸ್ಕಾರ ಮೇಡಂ, ಫ್ಲೂ ವ್ಯಾಕ್ಸಿನ್ ಸ್ಟಾಕ್ ಇದೆಯಾ? ದೊಡ್ಡವರಿಗೆ."

"ಇದೆ ಸರ್."

"ಈ ಸೀಸನ್‌ದೇನಾ? ಡಬ್ಬಿ ಮೇಲೆ ಎನ್‌ಎಚ್, ವರ್ಷ ಏನಿದೆ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

"ಒಂದು ನಿಮಿಷ ಲೈನಲ್ಲಿರಿ..."

"ಎಕ್ಸ್‌ಪೈರಿನೂ ಹೇಳಿಬಿಡಿ. ಎಲ್ಲ ಸೇರಿ ಎಷ್ಟಾಗುತ್ತೆ?"

ಡಬ್ಬಿ ನೋಡಿ ಹೇಳಲು ಬೇಜಾರು ಮಾಡಿಕೊಳ್ಳುವ ಕಡೆ ಹೋಗಬೇಡಿ. ಬೇರೆ ಕ್ಲಿನಿಕ್‌ಗಳಿವೆ.

ಸಣ್ಣ ಊರುಗಳಲ್ಲಿ ಇನ್ನೊಂದು ಪದ್ಧತಿ ಇದೆ. ಡಾಕ್ಟರ್ ಚೀಟಿ ಬರೆದುಕೊಡುತ್ತಾರೆ. ನೀವು ಮೆಡಿಕಲ್ ಶಾಪ್‌ನಿಂದ ಕೊಂಡು ತಂದು ಕೊಟ್ಟರೆ ಹಾಕುತ್ತಾರೆ. ಇಲ್ಲಿ ಹುಷಾರು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಬಿಸಿಲಿಗೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಐಸ್ ತುಂಡಿನ ಮೇಲೆ ನೇರವಾಗಿ ಇಟ್ಟುಕೊಂಡು ಬರುವುದು ತಪ್ಪು. ಅಂಗಡಿಯವರ ಹತ್ತಿರ ಸಣ್ಣ ಥರ್ಮಾಕೋಲ್ ಡಬ್ಬಿ ಕೇಳಿ. ಜೆಲ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ಲಸಿಕೆಗೆ ತಾಗದ ಹಾಗೆ ಇಟ್ಟು, ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಕ್ಲಿನಿಕ್‌ಗೆ ಹೋಗಿ. ಮನೆಯ ಫ್ರಿಜ್‌ನಲ್ಲಿ ಇಟ್ಟು ನಾಳೆ ಹೋಗೋಣ ಅನ್ನುವುದು ಬೇಡ. ಕರೆಂಟ್ ಯಾವಾಗ ಹೋಗುತ್ತದೋ! ಕ್ಲಿನಿಕ್‌ನಲ್ಲೇ ಸ್ಟಾಕ್ ಇರುವ ಕಡೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಹಾಕಿಸುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸೂಜಿ ಕಂಡರೆ ತಲೆ ಸುತ್ತುವವರು ಮಲಗಿಕೊಂಡೇ ಹಾಕಿಸಿಕೊಳ್ಳಿ, ಅದಕ್ಕೆ ನಾಚಿಕೆ ಬೇಡ. ರಟ್ಟೆಯ ತನಕ ಸುಲಭವಾಗಿ ಮೇಲೇರುವ ಸಡಿಲ ತೋಳಿನ ಅಂಗಿ ಅಥವಾ ರವಿಕೆ ಇರಲಿ. ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಗರ್ಭಿಣಿಯಾದರೆ ತಾಯಿ ಕಾರ್ಡ್, ಮಗುವಾದರೆ ಲಸಿಕೆ ಪುಸ್ತಕ ತಗೊಂಡು ಹೋಗಿ.

ಲಸಿಕೆ ಸಾಮಾನ್ಯವಾಗಿ ಮೊದಲೇ ತುಂಬಿದ ಸಿರಿಂಜ್‌ನಲ್ಲಿ ಬರುತ್ತದೆ, ಅರ್ಧ ಎಂಎಲ್. ನಿಮ್ಮ ಕಣ್ಣೆದುರೇ ಡಬ್ಬಿ ಒಡೆಯಲಿ. ಸೀಸನ್, ಎಕ್ಸ್‌ಪೈರಿ ಇನ್ನೊಮ್ಮೆ ನೋಡಿ. ಕೆಲಸ ಕಡಿಮೆ ಮಾಡುವ, ಅಂದರೆ ಬರೆಯದ ಕೈಯನ್ನು ಮುಂದೆ ಮಾಡಿ. ಭುಜದ ಕೆಳಗೆ ಸ್ನಾಯು ದಪ್ಪ ಇರುವ ಜಾಗಕ್ಕೆ ಚುಚ್ಚುತ್ತಾರೆ. ಕೈ ಬಿಗಿ ಹಿಡಿದಷ್ಟೂ ನೋವು ಜಾಸ್ತಿ, ಸಡಿಲ ಬಿಡಿ. ಪುಟ್ಟ ಮಕ್ಕಳಿಗಾದರೆ ತೊಡೆಗೆ ಹಾಕುತ್ತಾರೆ.

ಹಿರಿಯರಿಗೆ ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆಯೂ ಬಾಕಿ ಇದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು. ಡಾಕ್ಟರ್ ಹತ್ತಿರ ಆ ಮಾತು ತೆಗೆಯಿರಿ, ಅವರಾಗಿ ಹೇಳುವುದು ಕಡಿಮೆ.

ಹಾಕಿಸಿದ ಮೇಲೆ 15ರಿಂದ 30 ನಿಮಿಷ ಅಲ್ಲೇ ಕೂತಿರಿ. ಗಂಭೀರ ಅಲರ್ಜಿ ಆಗುವುದು ತೀರಾ ಅಪರೂಪ. ಒಂದು ವೇಳೆ ಆದರೆ ಬಹುತೇಕ ಆ ಹೊತ್ತಿನಲ್ಲೇ ಆಗುತ್ತದೆ, ಔಷಧಿಯೂ ಅಲ್ಲೇ ಇರುತ್ತದೆ. ಹೊರಡುವ ಮುಂಚೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಕು ಬರೆಸಿಕೊಳ್ಳಿ. ಅಥವಾ ಡಬ್ಬಿಯ ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕಿಬಿಡಿ. ಮುಂದಿನ ವರ್ಷ ಹುಡುಕುವಾಗ ಅಲ್ಲಿ ಸಿಗುತ್ತದೆ.

ಆಮೇಲೆ ಒಂದೆರಡು ದಿನ

ರಟ್ಟೆ ನೋಯುತ್ತದೆ. ಚುಚ್ಚಿದ ಜಾಗ ಸ್ವಲ್ಪ ಕೆಂಪಾಗಬಹುದು, ಗಟ್ಟಿಯಾಗಬಹುದು. ಕೆಲವರಿಗೆ ಮೈ ಬೆಚ್ಚಗಾಗಿ ಸಣ್ಣ ಜ್ವರ, ಮೈ ನೋವು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಬೇಕಾದರೆ ಪ್ಯಾರಾಸಿಟಮಾಲ್ ತಗೊಳ್ಳಿ. ತಣ್ಣೀರು ಬಟ್ಟೆ ಇಡಿ. ಕೈಯನ್ನು ಅಲ್ಲಾಡಿಸದೆ ಇಟ್ಟರೆ ಬಿಗಿದುಕೊಳ್ಳುತ್ತದೆ, ಮಾಮೂಲಿ ಕೆಲಸ ಮಾಡುತ್ತಿರಿ. ಸ್ನಾನ ಮಾಡಬಹುದು, ಪಥ್ಯ ಏನೂ ಇಲ್ಲ. ಬದನೆಕಾಯಿ ಬಿಡಿ, ಮೊಸರು ಬಿಡಿ ಅನ್ನುವವರು ಸಿಗುತ್ತಾರೆ, ನಕ್ಕು ಸುಮ್ಮನಾಗಿ.

ಎರಡು ದಿನ ಕಳೆದರೂ ಜೋರು ಜ್ವರ ಇದ್ದರೆ ಅದು ಬೇರೆ ಏನೋ. ತೋರಿಸಿ. ಮೈಯೆಲ್ಲ ದದ್ದು, ಮುಖ ಊದುವುದು, ಉಸಿರಾಟಕ್ಕೆ ತೊಂದರೆ ಕಂಡರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಮಕ್ಕಳಿಗೆ ಮೊದಲ ವರ್ಷ ಎರಡು ಸಲ

ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಗು ಜೀವನದಲ್ಲಿ ಮೊದಲ ಸಲ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತಿದ್ದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು. ಮುಂದಿನ ವರ್ಷದಿಂದ ಒಂದೇ ಸಾಕು. ದೀಪಾವಳಿಗೆ ಮುಗಿಯಬೇಕು ಅಂದರೆ ಮಗುವಿನ ಮೊದಲ ಡೋಸ್ ಸೆಪ್ಟೆಂಬರ್ ಕೊನೆಗೆ ಹಾಕಿಸಬೇಕಾಗುತ್ತದೆ. ಎರಡನೆಯದರ ತಾರೀಕನ್ನು ಅಲ್ಲೇ ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಒಂದು ಡೋಸ್‌ಗೆ ನಿಂತುಹೋಗುವ ಮಕ್ಕಳು ಬಹಳ. ಭಾರತೀಯ ಮಕ್ಕಳ ವೈದ್ಯರ ಸಂಘ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಅನ್ನುತ್ತದೆ.

ಹೊರದೇಶದವರಿಗೆ, ಅಲ್ಲಿಗೆ ಹೊರಟವರಿಗೆ

ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಡುವ ಅಮ್ಮನಿಗೆ ಇಲ್ಲೇ ಹಾಕಿಸಿ ಕಳಿಸಿ, ವಿಮಾನ ಹತ್ತುವ ಎರಡು ವಾರ ಮುಂಚೆ. ಅಲ್ಲಿ ಫಾರ್ಮಸಿಗಳಲ್ಲೇ ಹಾಕುತ್ತಾರೆ. ಇನ್ಶೂರೆನ್ಸ್ ಇದ್ದವರಿಗೆ ಹೆಚ್ಚಾಗಿ ಪುಕ್ಕಟೆ, ಪ್ರವಾಸಿ ವೀಸಾದಲ್ಲಿ ಹೋದವರು ಕೈಯಿಂದ ಕೊಡಬೇಕು. ಅಲ್ಲೇ ನೆಲೆಸಿದವರಿಗೆ ಸೆಪ್ಟೆಂಬರ್-ಅಕ್ಟೋಬರ್ ಸರಿಯಾದ ಕಾಲ.

ಇಂಗ್ಲೆಂಡಿನಲ್ಲಿ 65 ದಾಟಿದವರಿಗೆ, ಗರ್ಭಿಣಿಯರಿಗೆ, ದೀರ್ಘ ಕಾಯಿಲೆ ಇರುವವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಪುಕ್ಕಟೆ ಕೊಡುತ್ತದೆ. ಮಕ್ಕಳಿಗೆ ಅಲ್ಲಿ ಮೂಗಿನ ಸ್ಪ್ರೇ. ಅದರಲ್ಲಿ ಹಂದಿ ಮೂಲದ ಜೆಲಾಟಿನ್ ಇರುತ್ತದೆ. ಬೇಡ ಅನ್ನುವವರು ಇಂಜೆಕ್ಷನ್ ಕೇಳಬಹುದು, ಕೊಡುತ್ತಾರೆ. ಆಸ್ಟ್ರೇಲಿಯಾದವರಿಗೆ ಇಡೀ ಲೆಕ್ಕ ತಿರುಗುಮುರುಗು. ಅಲ್ಲಿ ಚಳಿ ಜೂನ್‌ನಿಂದ, ಲಸಿಕೆ ಏಪ್ರಿಲ್‌ನಲ್ಲಿ. ಮೆಲ್ಬರ್ನ್‌ಗೆ ಮೇ ತಿಂಗಳಲ್ಲಿ ಹೊರಟ ಅಪ್ಪ-ಅಮ್ಮನಿಗೆ ಎಸ್‌ಎಚ್ ಡಬ್ಬಿ ಹುಡುಕಿ.

ಹಾಕಿಸಿಯೂ ಜ್ವರ ಬಂದರೆ

ಬರಬಹುದು. ಆಗ ಕಾಲ ಕಳೆಯಬೇಡಿ. ಒಸೆಲ್ಟಮಿವಿರ್ ಎಂಬ ಮಾತ್ರೆ, ಜನ ಟ್ಯಾಮಿಫ್ಲೂ ಅನ್ನುತ್ತಾರೆ, ಜ್ವರ ಶುರುವಾದ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರ್ ಚೀಟಿ ಬೇಕು. ವಯಸ್ಸಾದವರು, ಗರ್ಭಿಣಿಯರು, ಶುಗರ್-ಹೃದಯದ ತೊಂದರೆ ಇರುವವರು 'ಮೂರು ದಿನ ನೋಡೋಣ' ಅನ್ನದೆ ಮೊದಲ ದಿನವೇ ತೋರಿಸಲಿ. ಆಂಟಿಬಯಾಟಿಕ್ ಅನ್ನು ನೀವಾಗಿ ಕೊಂಡು ನುಂಗಬೇಡಿ, ವೈರಸ್‌ಗೆ ಅದು ತಾಗುವುದಿಲ್ಲ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಲಿವರ್‌ಗೆ, ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ.

ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಾತು ತಡವರಿಸಿ ಮಂಕಾಗುವುದು, ಮಗು ಹಾಲು ಬಿಡುವುದು, ಇಳಿದ ಜ್ವರ ಎರಡು ದಿನ ಬಿಟ್ಟು ಮತ್ತೆ ಏರುವುದು: ಇದರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ.

ಲಸಿಕೆ ಹಾಕಿಸುವ ಮುಂಚೆಯೇ ಈ ಸಲ ಫ್ಲೂ ಬಂದು ಹೋಗಿದ್ದರೂ ಮೈ ಸರಿಯಾದ ಮೇಲೆ ಹಾಕಿಸಿ. ನಿಮಗೆ ಬಂದದ್ದು ಎಚ್3ಎನ್2 ಆಗಿರಬಹುದು. ಎಚ್1ಎನ್1, ಬಿ-ವಿಕ್ಟೋರಿಯಾ ಇನ್ನೂ ಊರಿನಲ್ಲಿ ಓಡಾಡುತ್ತಿರುತ್ತವೆ.